ದ ವೈರ್: ಮೂರು ಎಪಿಸೋಡ್ ಆಯಿತು, ಕೇಸೇ ಶುರು ಆಗಿಲ್ಲ. ಮುಂದುವರಿಸಲಾ?

ರಾತ್ರಿಪಾಳಿ

ಡೆಲ್ಲಿ ಕ್ರೈಮ್ ನೋಡಿದೆ, ಪಾತಾಳ್ ಲೋಕ್ ನೋಡಿದೆ, ಕೊಹ್ರಾ ನೋಡಿದೆ. ಮುಂದೆ ಏನು ಅಂತ ಇಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳುತ್ತೀರಿ, ಅಮೆರಿಕದ ಬಾಲ್ಟಿಮೋರ್ ಊರಿನ ಪೊಲೀಸ್ ಸರಣಿ ದ ವೈರ್. ಸರಿ ಅಂತ ಕೂತೆ. ಒಬ್ಬ ಡಿಟೆಕ್ಟಿವ್ ಜಡ್ಜ್ ಹತ್ತಿರ ಬಾಯಿಬಿಟ್ಟು ಮೇಲಿನವರಿಂದ ಬೈಸಿಕೊಳ್ಳುತ್ತಾನೆ. ಯಾರಿಗೂ ಬೇಡವಾದ ಪೊಲೀಸರನ್ನೆಲ್ಲ ಗುಡಿಸಿ ತಂದು ನೆಲಮಾಳಿಗೆಯ ರೂಮಿಗೆ ಹಾಕುತ್ತಾರೆ. ಇನ್ನೊಂದು ಕಡೆ ಹುಡುಗರು ಅಂಗಳದಲ್ಲಿ ಕಿತ್ತಳೆ ಬಣ್ಣದ ಸೋಫಾ ಹಾಕಿಕೊಂಡು ಡ್ರಗ್ಸ್ ಮಾರುತ್ತಾರೆ, ಮಧ್ಯೆ ಚೆಸ್ ಕಲಿಯುತ್ತಾರೆ. ಯಾರು ಯಾರ ಕಡೆಯವರು ಅಂತ ತಿಳಿಯುವಷ್ಟರಲ್ಲಿ ಎಪಿಸೋಡ್ ಮುಗಿಯುತ್ತದೆ. ಹಿನ್ನೆಲೆ ಸಂಗೀತವೂ ಇಲ್ಲ. ಸೀನ್ ಮುಗಿದಾಗ ಹೆದರಬೇಕಾ, ನಗಬೇಕಾ ಗೊತ್ತಾಗುವುದಿಲ್ಲ.

ಬಿಡಬೇಕೋ ಮುಂದುವರಿಸಬೇಕೋ ಹೇಳಿ. ಸ್ಪಾಯ್ಲರ್ ಮಾತ್ರ ಬೇಡ, ಕೈ ಮುಗಿಯುತ್ತೇನೆ.

ಸಬ್‌ಟೈಟಲ್ ಸುಬ್ಬಿ

ನಾಲ್ಕನೇ ಎಪಿಸೋಡ್ ನೋಡಿ, ಆಮೇಲೆ ಬಿಡಿ. ಅದರಲ್ಲಿ ಎರಡು ಸೀನ್ ಇವೆ.

ಮೊದಲನೆಯದು ಮೇಜು. ಆ ನೆಲಮಾಳಿಗೆ ಆಫೀಸಿನ ಬಾಗಿಲಲ್ಲಿ ಒಂದು ದೊಡ್ಡ ಮೇಜು ಸಿಕ್ಕಿಕೊಂಡಿದೆ. ಪೊಲೀಸರು ಒಬ್ಬೊಬ್ಬರಾಗಿ ಬಂದು ಕೈ ಹಾಕುತ್ತಾರೆ. ತಳ್ಳುತ್ತಾರೆ, ಎಳೆಯುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ. ಮೇಜು ಅಲುಗುವುದಿಲ್ಲ. ಕೊನೆಗೆ ಹರ್ಕ್ ಅನ್ನುವವನು, ಹೀಗಾದರೆ ಇದನ್ನು ಒಳಗೆ ತರುವುದು ಕಷ್ಟ ಅನ್ನುವ ಅರ್ಥದಲ್ಲಿ ಏನೋ ಹೇಳುತ್ತಾನೆ. ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರೆಲ್ಲ ಹೊರಗೆ ಹಾಕುತ್ತಿದ್ದೇವೆ ಅಂದುಕೊಂಡಿದ್ದರು! ಇಡೀ ಇಲಾಖೆಯ ಕಥೆ ಇಷ್ಟೇ, ಅದನ್ನು ಒಂದು ಮೇಜಿನಲ್ಲಿ ಹೇಳಿ ಮುಗಿಸಿದ್ದಾರೆ.

ಎರಡನೆಯದು ಡಿಟೆಕ್ಟಿವ್‌ಗಳಾದ ಮಕ್‌ನಲ್ಟಿ (ಜಡ್ಜ್ ಹತ್ತಿರ ಬಾಯಿಬಿಟ್ಟವನು ಇವನೇ) ಮತ್ತು ಬಂಕ್ ಹಳೆಯ ಕೊಲೆಯೊಂದರ ಜಾಗಕ್ಕೆ ಹೋಗುವುದು. ಖಾಲಿ ಅಡುಗೆಮನೆ, ಕೈಯಲ್ಲಿ ಫೋಟೋ, ಅಳತೆ ಟೇಪು. ಹಲವು ನಿಮಿಷ ಇಬ್ಬರೂ ಒಂದೇ ಒಂದು ಬೈಗುಳ ಬಿಟ್ಟು ಬೇರೆ ಮಾತಾಡುವುದಿಲ್ಲ. ಅದೇ ಬೈಗುಳ ಒಮ್ಮೆ ಅನುಮಾನ, ಒಮ್ಮೆ ನೋವು, ಒಮ್ಮೆ "ಸಿಕ್ತು!" ಆಗುತ್ತದೆ. ಗುಂಡು ಕಿಟಕಿಯಿಂದ ಬಂತು ಅನ್ನುವುದನ್ನು ನಿಮಗೆ ಯಾರೂ ಹೇಳುವುದಿಲ್ಲ. ಅವರು ಕಂಡುಹಿಡಿಯುವುದನ್ನು ನೋಡಿ ನೀವೇ ಕಂಡುಕೊಳ್ಳಬೇಕು. ಮನೆಯಲ್ಲಿ ಹಿರಿಯರು ಇದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.

ಕಾಫಿತೋಟ

ನನ್ನ ಓಟು "ಬಿಟ್ಟುಬಿಡಿ"ಗೆ. ಯಾಕೆ ಎಲ್ಲರೂ ಇದನ್ನು ಪೂಜೆ ಮಾಡುತ್ತೀರಿ? ದೊಡ್ಡ ಶೋ ಅನ್ನುತ್ತೀರಿ, ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಒಂದೂ ಬಂದಿಲ್ಲ. ಬ್ರೇಕಿಂಗ್ ಬ್ಯಾಡ್ ನೋಡಿ, ಮೊದಲ ಸೀನ್‌ನಲ್ಲೇ ಮರುಭೂಮಿಯಲ್ಲಿ ಪ್ಯಾಂಟ್ ಹಾರುತ್ತದೆ. ಕೂತವರು ಏಳುವುದಿಲ್ಲ.

ಸಬ್‌ಟೈಟಲ್ ಸುಬ್ಬಿ

ಎಮ್ಮಿ ಬಂದಿಲ್ಲ, ನಿಜ. ಎರಡು ನಾಮಿನೇಷನ್, ಎರಡೂ ಬರವಣಿಗೆಗೆ, ಎರಡೂ ಸೋತವು. ಅದು ಎಮ್ಮಿಯವರು ನಾಚಿಕೊಳ್ಳಬೇಕಾದ ವಿಷಯ. ಕಾಕತಾಳೀಯ ನೋಡಿ, ವೈರ್‌ನ ಕೊನೇ ಸೀಸನ್ ಮತ್ತು ಬ್ರೇಕಿಂಗ್ ಬ್ಯಾಡ್‌ನ ಮೊದಲ ಸೀಸನ್ ಎರಡೂ ಶುರುವಾಗಿದ್ದು 2008ರ ಜನವರಿಯಲ್ಲೇ. ಎರಡೂ ಡ್ರಗ್ಸ್ ಕಥೆ. ಆದರೆ ಒಂದು ಒಬ್ಬ ಮನುಷ್ಯ ಕೆಡುವ ಕಥೆ. ಇನ್ನೊಂದರಲ್ಲಿ ಒಬ್ಬ ಒಳ್ಳೆಯವನಾದರೂ ಕೆಟ್ಟವನಾದರೂ ಕೆಲಸ ನಡೆಯುವ ರೀತಿ ಬದಲಾಗುವುದಿಲ್ಲ. ಎರಡನ್ನೂ ನೋಡಬಹುದು, ಜಗಳ ಯಾಕೆ?

ಹಳೇ ಟೇಪು

ರಾತ್ರಿಪಾಳಿ ಅವರೇ, ಇದನ್ನು ಬರೆದವರು ಯಾರು ಅಂತ ತಿಳಿದರೆ ಆ ನಿಧಾನ ಯಾಕೆ ಅಂತ ಅರ್ಥವಾಗುತ್ತದೆ. ಡೇವಿಡ್ ಸೈಮನ್ ಬಾಲ್ಟಿಮೋರ್ ಸನ್ ಪತ್ರಿಕೆಯಲ್ಲಿ ಕ್ರೈಮ್ ವರದಿಗಾರರಾಗಿದ್ದವರು. 1988ರಲ್ಲಿ ಒಂದು ವರ್ಷ ಅಲ್ಲಿನ ಪೊಲೀಸರ ಹೋಮಿಸೈಡ್ (ಕೊಲೆ ತನಿಖೆ) ವಿಭಾಗದ ಜೊತೆಯೇ ಓಡಾಡಿ ಪುಸ್ತಕ ಬರೆದವರು. ಜೊತೆಗಾರ ಎಡ್ ಬರ್ನ್ಸ್ ಅದೇ ಊರಿನಲ್ಲಿ 20 ವರ್ಷ ಪೊಲೀಸ್ ಆಗಿದ್ದು, ಆಮೇಲೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದವರು. ಅವರಿಗೆ ಜಾರ್ಜ್ ಪೆಲೆಕಾನೋಸ್, ರಿಚರ್ಡ್ ಪ್ರೈಸ್, ಡೆನಿಸ್ ಲೆಹೇನ್ ಅಂಥ ಕಾದಂಬರಿಕಾರರು ಜೊತೆಯಾದರು. ಹಾಗಾಗಿ ಇದನ್ನು ಎಪಿಸೋಡ್ ಲೆಕ್ಕದಲ್ಲಿ ಅಲ್ಲ, ಕಾದಂಬರಿಯ ಅಧ್ಯಾಯದ ಲೆಕ್ಕದಲ್ಲಿ ಬರೆದಿದ್ದಾರೆ. 2002ರಿಂದ 2008ರವರೆಗೆ ಐದು ಸೀಸನ್, 60 ಅಧ್ಯಾಯ.

ಇನ್ನೊಂದು ತಮಾಷೆ. ಮೊದಲ ಎಪಿಸೋಡ್ ಕೊನೆಯಲ್ಲಿ ಸತ್ತವನು ಯಾರು ಅಂತ ನೆನಪಿಸಲು ಒಂದು ಚಿಕ್ಕ ಫ್ಲಾಶ್‌ಬ್ಯಾಕ್ ಬರುತ್ತದಲ್ಲ? ಜನಕ್ಕೆ ಗೊತ್ತಾಗುವುದಿಲ್ಲ ಅಂತ ಚಾನೆಲ್‌ನವರು ಹಾಕಿಸಿದ್ದು. ಆಮೇಲೆ ಆ ಥರದ್ದು ಮತ್ತೆ ಬರುವುದಿಲ್ಲ. ಮರೆತರೆ ಮರೆತಿರಿ, ಅಷ್ಟೇ.

ಜೇ ಲ್ಯಾಂಡ್ಸ್‌ಮನ್ ಅಂತ ಒಬ್ಬ ದಪ್ಪ ಸಾರ್ಜೆಂಟ್ ಇದ್ದಾನಲ್ಲ, ಆ ಹೆಸರಿನ ನಿಜವಾದ ಬಾಲ್ಟಿಮೋರ್ ಪೊಲೀಸ್ ಒಬ್ಬರಿದ್ದರು. ಅವರೂ ನಟಿಸಿದ್ದಾರೆ, ಆದರೆ ಮೆಲ್ಲೋ ಅನ್ನುವ ಬೇರೆ ಪಾತ್ರದಲ್ಲಿ. ತನ್ನ ಹೆಸರಿನ ಪಾತ್ರವನ್ನು ಇನ್ನೊಬ್ಬ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದಾರೆ ಪುಣ್ಯಾತ್ಮ.

ರಾತ್ರಿಪಾಳಿ

ನಾಲ್ಕು, ಐದು ಎರಡೂ ನೋಡಿದೆ. ಮೇಜಿನ ಸೀನ್‌ಗೆ ಒಬ್ಬನೇ ಕೂತು ನಕ್ಕಿದ್ದೇನೆ. ಐದನೆಯದರಲ್ಲಿ ಪೇಜರ್ ಕೋಡ್ ಒಡೆಯುತ್ತಾರೆ, ಆದರೆ ಹೇಗೆ ಅಂತ ಪೂರ್ತಿ ತಲೆಗೆ ಹೋಗಲಿಲ್ಲ. ಯಾರಾದರೂ ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು

ಇದು ನನ್ನ ಏರಿಯಾ. ಪೇಜರ್ ಅಂದರೆ ಯಾವ ನಂಬರ್‌ಗೆ ಫೋನ್ ಮಾಡಬೇಕು ಅಂತ ತೋರಿಸುವ ಪುಟ್ಟ ಯಂತ್ರ. ಆ ನಂಬರನ್ನೇ ಇವರು ಕೋಡ್‌ನಲ್ಲಿ ಕಳಿಸುತ್ತಾರೆ. ಹಳೇ ಬಟನ್ ಫೋನ್ ತೆಗೆದುಕೊಳ್ಳಿ. ಮಧ್ಯದಲ್ಲಿ 5 ಇದೆ. ಯಾವ ಅಂಕಿ ಕಳಿಸಬೇಕೋ ಅದರಿಂದ 5ರ ಮೇಲೆ ಹಾರಿ ಎದುರಿನ ಅಂಕಿಗೆ ಹೋಗಬೇಕು. 1ಕ್ಕೆ 9, 2ಕ್ಕೆ 8, 3ಕ್ಕೆ 7, 4ಕ್ಕೆ 6. ಉಳಿದ 5 ಮತ್ತು 0 ಒಂದಕ್ಕೊಂದು ಅದಲು ಬದಲು. ಬಾಲ್ಟಿಮೋರ್ ಏರಿಯಾ ಕೋಡ್ 410 ಅಲ್ವಾ, ಅದನ್ನು ಹೀಗೆ ಬರೆದರೆ 695 ಆಗುತ್ತದೆ. ಅಷ್ಟೇ ಕೋಡ್. ಬೀದಿ ಹುಡುಗ ಲೆಕ್ಕ ಹಾಕಬೇಕಿಲ್ಲ, ಬೆರಳು ಹಾರಿಸಿದರೆ ಸಾಕು.

ಇದನ್ನು ಕಂಡುಹಿಡಿಯುವವನು ಯಾರು ನೋಡಿ. ಪ್ರೆಜ್. ಎರಡನೇ ಎಪಿಸೋಡ್‌ನಲ್ಲಿ ಒಬ್ಬ ಹುಡುಗನ ಕಣ್ಣು ಹಾಳು ಮಾಡಿ, ಬಂದೂಕು ಕಿತ್ತುಕೊಂಡು ಆಫೀಸಿನಲ್ಲಿ ಕೂರಿಸಿದ ಕೆಲಸಕ್ಕೆ ಬಾರದ ಪೊಲೀಸ್. ಬೇರೆ ಶೋ ಆಗಿದ್ದರೆ ಒಬ್ಬ ಜೀನಿಯಸ್ ಡಿಟೆಕ್ಟಿವ್ ಬಂದು ಗೋಡೆಗೆ ದಾರ ಕಟ್ಟಿ ಕೋಡ್ ಒಡೆಯುತ್ತಿದ್ದ.

ಇನ್ನೂ ಒಂದು ಗಮನಿಸಿ. ಕೋಡ್ ಒಡೆದ ತಕ್ಷಣ ಅವರು ಫೋನ್ ಕದ್ದು ಕೇಳುವ ಹಾಗಿಲ್ಲ. ಬೇರೆ ದಾರಿಗಳನ್ನೆಲ್ಲ ನೋಡಿಯಾಯಿತು, ಇನ್ನು ಫೋನ್ ಕೇಳದೆ ಆಗುವುದಿಲ್ಲ ಅಂತ ಜಡ್ಜ್‌ಗೆ ಬರೆದುಕೊಡಬೇಕು. ಅನುಮತಿ ಸಿಕ್ಕ ಮೇಲೂ ಬೂತಿನಲ್ಲಿ ಮಾತಾಡುತ್ತಿರುವುದು ತಮ್ಮ ಆಸಾಮಿಯೇ ಅಂತ ಯಾರೋ ಒಬ್ಬರು ಕಣ್ಣಾರೆ ನೋಡಿರಬೇಕು. ಅದಕ್ಕೇ ಇಬ್ಬರು ಪೊಲೀಸರು ಮಾಳಿಗೆ ಮೇಲೆ ಬಿಸಿಲಲ್ಲಿ ಒಣಗುವುದು. ನೀವು ನಿಧಾನ ಅಂದಿದ್ದು ಇದನ್ನೇ. ಕೆಲಸ ಅಂದರೆ ಇದೇ!

ಕಾಫಿತೋಟ

ಮೇಷ್ಟ್ರೇ, ಮಾಳಿಗೆ ಮೇಲೆ ಕೂರುವುದನ್ನು ಒಂದು ಗಂಟೆ ತೋರಿಸಿದರೆ ಅದು ಕೆಲಸ, ನೋಡುವವನಿಗೆ ಶಿಕ್ಷೆ. 😄

ಲೆಕ್ಕದ ಮೇಷ್ಟ್ರು

ನಗಿ, ನಗಿ. ನಾಲ್ಕನೇ ಸೀಸನ್‌ಗೆ ಬನ್ನಿ, ಆಮೇಲೆ ಮಾತಾಡೋಣ.

ಕಥೆ ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ಆ ಸೀಸನ್ ಶಾಲೆಯೊಂದರಲ್ಲಿ ನಡೆಯುತ್ತದೆ. ಎಂಟನೇ ಕ್ಲಾಸಿನ ನಾಲ್ಕು ಹುಡುಗರು. ಲೆಕ್ಕದ ಮೇಷ್ಟ್ರು ದಾಳ ಕೊಟ್ಟು ಸಂಭವನೀಯತೆ ಕಲಿಸುತ್ತಾನೆ. ಹುಡುಗರು ಅದು ಜೂಜಿಗೆ ಉಪಯೋಗ ಅಂತ ಗಬಕ್ಕನೆ ಹಿಡಿಯುತ್ತಾರೆ. ಕ್ಲಾಸ್ ಈಗ ತಾನೇ ಕೈಗೆ ಬರುತ್ತಿದೆ ಅನ್ನುವಾಗ ಮೇಲಿನಿಂದ ಆರ್ಡರ್: ಪಾಠ ನಿಲ್ಲಿಸಿ, ರಾಜ್ಯದ ಪರೀಕ್ಷೆಯ ಪ್ರಶ್ನೆಗಳನ್ನು ಉರು ಹೊಡೆಸಿ. ಸ್ಟಾಫ್ ಮೀಟಿಂಗಿನಲ್ಲಿ ಕೂತ ಆ ಮೇಷ್ಟ್ರಿಗೆ ಇದನ್ನೆಲ್ಲ ಬೇರೆಲ್ಲೋ ನೋಡಿದ್ದೇನೆ ಅನ್ನಿಸುತ್ತದೆ. ಪೊಲೀಸ್ ಇಲಾಖೆಯಲ್ಲಿ ಕಳ್ಳತನವನ್ನು ಸಣ್ಣ ಕೇಸ್ ಅಂತ ಬರೆದು ಅಪರಾಧ ಇಳಿಸಿದ ಹಾಗೆ, ಇಲ್ಲಿ ಅಂಕ ಏರಿಸುತ್ತಾರೆ.

ನಾನು ಹೈಸ್ಕೂಲು ಮೇಷ್ಟ್ರು. ಜನವರಿ ಬಂತು ಅಂದರೆ ನಮ್ಮಲ್ಲಿ ಪಾಸಿಂಗ್ ಪ್ಯಾಕೇಜ್ ಶುರು. ಇಷ್ಟು ಪ್ರಶ್ನೆ, ಇಷ್ಟು ಪ್ರಮೇಯ, ಇಷ್ಟು ನಕ್ಷೆ, ಇದನ್ನು ಮಾಡಿಸಿದರೆ ಹುಡುಗ ದಡ ಸೇರುತ್ತಾನೆ. ಹಿಂದುಳಿದ ಮಗುವಿಗೆ ಅದರಿಂದ ಉಪಕಾರ ಆಗುವುದೂ ನಿಜ, ನಾನೂ ಮನಸ್ಸಿಟ್ಟು ಮಾಡಿಸುತ್ತೇನೆ. ಆದರೆ ಫಲಿತಾಂಶದ ಮೀಟಿಂಗಿನಲ್ಲಿ ಯಾರೂ ಹುಡುಗನಿಗೆ ಏನು ಬಂತು ಅಂತ ಕೇಳುವುದಿಲ್ಲ, ಜಿಲ್ಲೆ ಎಷ್ಟನೇ ಸ್ಥಾನ ಅಂತ ಕೇಳುತ್ತಾರೆ. ಬಾಲ್ಟಿಮೋರಿನ ಆ ಸ್ಟಾಫ್ ರೂಮಿನ ಗೋಡೆ ಬಣ್ಣ ಬದಲಾಯಿಸಿದರೆ ನಮ್ಮದೇ. ಎಡ್ ಬರ್ನ್ಸ್ ಪಾಠ ಮಾಡಿದವರು ಅನ್ನುವುದು ಪ್ರತಿ ಸೀನ್‌ನಲ್ಲೂ ಗೊತ್ತಾಗುತ್ತದೆ. ಹಿಂದಿನ ಬೆಂಚಿನವನು ಮೊದಲ ದಿನ ಯಾಕೆ ಮಾತಾಡುವುದಿಲ್ಲ ಅನ್ನುವುದು ಹೊರಗಿನವರಿಗೆ ಬರೆಯಲು ಬರುವುದಿಲ್ಲ.

ಬಂಟ್ವಾಳದವಳು

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ಕ್ರೈಮ್ ಶೋಗಳಲ್ಲಿ ನನಗೆ ಹಿಡಿಸುವುದು "ಯಾರು ಕೊಂದರು" ಅನ್ನುವುದಲ್ಲ, "ಕೇಸು ಯಾರ ತಲೆಗೆ" ಅನ್ನುವುದು. ವೈರ್ ಎರಡನೇ ಸೀಸನ್ ಪೂರ್ತಿ ಅದರ ಮೇಲೇ ನಿಂತಿದೆ. (ರಾತ್ರಿಪಾಳಿ, ಇದು ಆ ಸೀಸನ್‌ನ ಶುರುವಿನ ವಿಷಯ ಅಷ್ಟೇ. ಬೇಡ ಅಂದರೆ ಈ ಪ್ಯಾರಾ ಹಾರಿಸಿ.) ಬಂದರಿನಲ್ಲಿ ಒಂದು ಕಂಟೇನರ್ ಒಳಗೆ 13 ಹೆಣ್ಣುಮಕ್ಕಳ ಶವ ಸಿಗುತ್ತದೆ, ಇನ್ನೊಂದು ನೀರಿನಲ್ಲಿ. ಎಲ್ಲರಿಗೂ ಚಿಂತೆ ಒಂದೇ, ಇದು ನಮ್ಮ ವ್ಯಾಪ್ತಿಗೆ ಬರಬಾರದು. 14 ಬಿಡಿಸದ ಕೊಲೆ ಅಂದರೆ ವರ್ಷದ ಅಂಕಿಅಂಶ ಹಾಳು. ಮಕ್‌ನಲ್ಟಿ ಹಳೇ ಬಾಸ್ ಮೇಲಿನ ಸಿಟ್ಟಿಗೆ ಅಲೆ, ಗಾಳಿಯ ಲೆಕ್ಕ ಹಾಕಿ, ಸತ್ತಿದ್ದು ನಿಮ್ಮ ಸರಹದ್ದಿನಲ್ಲೇ ಅಂತ ಸಾಬೀತು ಮಾಡುತ್ತಾನೆ. ನ್ಯಾಯ ಸಿಗಲಿ ಅಂತಲ್ಲ, ಹಠಕ್ಕೆ!

ನಮ್ಮ ಕಡೆಯವರಿಗೆ ಇದು ದೂರದ ಕಥೆ ಅಲ್ಲ. ಸಯನೈಡ್ ಮೋಹನ್ ಪ್ರಕರಣ ಗೊತ್ತಲ್ಲ. ಶಾಲೆ ಮೇಷ್ಟ್ರಾಗಿದ್ದವನು. ವರದಕ್ಷಿಣೆ ಕೊಡಲು ಗತಿ ಇಲ್ಲದ ಮನೆಯ ಹೆಣ್ಣುಮಕ್ಕಳಿಗೆ ಮದುವೆಯ ಆಸೆ ತೋರಿಸಿ, ದೂರದ ಊರಿಗೆ ಕರೆದುಕೊಂಡು ಹೋಗಿ, ಮರುದಿನ ಬಸ್‌ ಸ್ಟ್ಯಾಂಡಿನಲ್ಲಿ ಗರ್ಭ ನಿಲ್ಲದಿರುವ ಮಾತ್ರೆ ಅಂತ ಸಯನೈಡ್ ಕೊಡುತ್ತಿದ್ದ. 2009ರಲ್ಲಿ ಸಿಕ್ಕಿಬಿದ್ದ. 20 ಕೊಲೆ. ಅಷ್ಟು ವರ್ಷ ಯಾಕೆ ಸಿಗಲಿಲ್ಲ? ಒಂದು ಹೆಣ ಒಂದು ಊರಿನ ಬಸ್‌ ಸ್ಟ್ಯಾಂಡ್ ಶೌಚಾಲಯದಲ್ಲಿ, ಇನ್ನೊಂದು ಇನ್ನೊಂದು ಊರಿನಲ್ಲಿ. ಅಲ್ಲಲ್ಲಿ ಅಸಹಜ ಸಾವು ಅಂತ ಫೈಲ್. ಮಗಳು ಕಾಣೆ ಅನ್ನುವ ಫೈಲ್ ಇನ್ನೆಲ್ಲೋ. ಆ ಫೈಲುಗಳನ್ನೆಲ್ಲ ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಯಾರೂ ಇರಲಿಲ್ಲ.

2023ರಲ್ಲಿ ಹಿಂದಿ ಸರಣಿ ದಹಾಡ್ ಬಂದಾಗ ಎರಡು ಎಪಿಸೋಡ್ ಆಗುವಷ್ಟರಲ್ಲೇ ಅಮ್ಮ, "ಇದು ನಮ್ಮ ಮೋಹನನ ಕಥೆ ಅಲ್ವಾ?" ಅಂದರು. ಕಥೆ ನಡೆಯುವುದು ರಾಜಸ್ಥಾನದಲ್ಲಿ. ವಿಜಯ್ ವರ್ಮಾ ಮಾಡಿದ ಪಾತ್ರ ಅಲ್ಲೂ ಮೇಷ್ಟ್ರೇ. ಸೋನಾಕ್ಷಿ ಸಿನ್ಹಾ ಮಾಡಿದ ಎಸ್‌ಐ ಅಂಜಲಿ ಭಾಟಿ ಕಾಣೆಯಾದವರ ಪಟ್ಟಿಯನ್ನು ಒಂದೊಂದಾಗಿ ಜೋಡಿಸುತ್ತಾ ಹೋಗುತ್ತಾಳೆ. ಕೊಲೆಗಾರ ಯಾರು ಅಂತ ನಮಗೆ ಬೇಗನೇ ಗೊತ್ತಾಗುತ್ತದೆ, ಆದರೂ ಎಂಟು ಎಪಿಸೋಡ್ ಕೂತು ನೋಡಿದೆವು. ಎರಡು ಎಪಿಸೋಡ್ ಕಡಿಮೆ ಮಾಡಬಹುದಿತ್ತು, ಅದು ಬೇರೆ ಮಾತು. ನನಗೆ ಕಾಡಿದ್ದು ಕೊಲೆಗಾರ ಅಲ್ಲ. ಓಡಿಹೋದಳು ಅಂತ ಮನೆಯವರೇ ಕಂಪ್ಲೇಂಟ್ ಕೊಡದೆ ಬಾಗಿಲು ಹಾಕಿಕೊಂಡದ್ದು.

ಹಳೇ ಟೇಪು

ಬಂಟ್ವಾಳದವಳು ಬರೆದದ್ದನ್ನು ಪಿನ್ ಮಾಡಿ ಯಾರಾದರೂ.

ಪಣಂಬೂರು ಹುಡುಗ

ಎರಡನೇ ಸೀಸನ್ ಮಾತು ಬಂದ ಮೇಲೆ ಸುಮ್ನೆ ಇರುವುದು ಹೇಗೆ. ಬಹಳ ಜನ ಅದನ್ನು ಬೈಯುತ್ತಾರೆ. ಬೀದಿ ಹುಡುಗರ ಕಥೆ ಬಿಟ್ಟು ಹಡಗು, ಕ್ರೇನು, ಯೂನಿಯನ್ನು ಯಾಕೆ ಅಂತ. ನನಗೆ ಅದೇ ಬೆಸ್ಟ್. ನಮ್ಮ ಮನೆಯಲ್ಲಿ ಬಂದರಿನ ಕೆಲಸದವರಿದ್ದಾರೆ, ಊಟಕ್ಕೆ ಕೂತರೆ ಇವತ್ತು ಎಷ್ಟು ಹಡಗು ಅನ್ನುವುದೇ ಮಾತು. ಫ್ರಾಂಕ್ ಸೊಬೊಟ್ಕಾ ಅನ್ನುವ ಯೂನಿಯನ್ ಲೀಡರ್‌ಗೆ ಬೇಕಾಗಿರುವುದು ಒಂದೇ, ಹಡಗಿನ ಕಾಲುವೆಯ ಹೂಳು ತೆಗೆಸಬೇಕು, ಹಡಗು ಬರಬೇಕು, ತನ್ನ ಹುಡುಗರಿಗೆ ವಾರಕ್ಕೆ ನಾಲ್ಕು ದಿನವಾದರೂ ಕೆಲಸ ಇರಬೇಕು. ಅದಕ್ಕೆ ರಾಜಕಾರಣಿಗಳಿಗೆ ದುಡ್ಡು ಕೊಡಬೇಕು. ಆ ದುಡ್ಡಿಗೆ ಒಂದೊಂದು ಕಂಟೇನರ್ ಲೆಕ್ಕದಿಂದ ಮಾಯ ಮಾಡಬೇಕು. ಒಳಗೆ ಏನಿದೆ ಅಂತ ಕೇಳಬಾರದು. ಇಲ್ಲಿ ಕ್ರಿಮಿನಲ್ ಯಾರು ಹೇಳಿ ನೋಡೋಣ?

ಬಂದರಿನ ಪೊಲೀಸ್ ಬೀಡಿ ರಸೆಲ್ ಪಾತ್ರ ಮಾಡಿದ ಆಮಿ ರಯಾನ್ ಅವರನ್ನು ಯಾಕೋ ಯಾರೂ ನೆನೆಯುವುದಿಲ್ಲ. ಕಂಟೇನರ್ ಬಾಗಿಲು ತೆರೆದಾಗಿನ ಆ ಮುಖ.

ಲೀಡ್ಸ್ ಕನ್ನಡಿಗ

ವೈರ್ ಬಗ್ಗೆ ಎಲ್ಲರೂ ಹೇಳಿಯಾಯಿತು. ನಾನು ಇರುವ ಕಡೆಯದು ಒಂದು ಹೇಳುತ್ತೇನೆ, ಹ್ಯಾಪಿ ವ್ಯಾಲಿ. ಇಂಗ್ಲೆಂಡಿನ ಪೊಲೀಸ್ ಸರಣಿ. ವೆಸ್ಟ್ ಯಾರ್ಕ್‌ಷೈರ್‌ನ ಕಾಲ್ಡರ್ ಕಣಿವೆ, ಹ್ಯಾಲಿಫ್ಯಾಕ್ಸ್, ಹೆಬ್ಡನ್ ಬ್ರಿಜ್ ಸುತ್ತ ತೆಗೆದದ್ದು. ವಾರಾಂತ್ಯ ಅಲ್ಲಿಗೆ ಹೋದರೆ ಚೆಂದದ ಕಾಲುವೆ, ಕಲ್ಲಿನ ಮನೆ, ಗುಡ್ಡದ ಮೇಲೆ ಕುರಿ. ಶೋ ನೋಡಿದ ಮೇಲೆ ಪ್ರತಿ ಮನೆಯ ಕೆಳಗಿನ ಕೋಣೆ ಬಗ್ಗೆ ಅನುಮಾನ.

ಶುರು ಹೀಗೆ. ಆಟದ ಮೈದಾನದಲ್ಲಿ ಕುಡಿದ ಹುಡುಗ ಮೈಗೆ ಪೆಟ್ರೋಲ್ ಸುರಿದುಕೊಂಡು ನಿಂತಿದ್ದಾನೆ. ಸಾರ್ಜೆಂಟ್ ಕ್ಯಾಥರೀನ್ ಬೆಂಕಿ ಆರಿಸುವ ಡಬ್ಬಿ ಹಿಡಿದು, ತಂಪು ಕನ್ನಡಕ ಹಾಕಿಕೊಂಡು ಬರುತ್ತಾಳೆ. ಬಂದವಳು ತನ್ನ ಪರಿಚಯ ಹೇಳುತ್ತಾಳೆ. ವಯಸ್ಸು 47, ಡಿವೋರ್ಸ್ ಆಗಿದೆ, ಹೆರಾಯಿನ್ ಚಟ ಬಿಟ್ಟ ತಂಗಿಯ ಜೊತೆ ಇದ್ದೇನೆ, ಇಬ್ಬರು ಮಕ್ಕಳಲ್ಲಿ ಒಬ್ಬಳು ಸತ್ತಿದ್ದಾಳೆ, ಇನ್ನೊಬ್ಬ ಮಾತಾಡುವುದಿಲ್ಲ, ಒಬ್ಬ ಮೊಮ್ಮಗ. ಇಡೀ ಶೋಗೆ ಬೇಕಾದ ಹಿನ್ನೆಲೆ ಅಷ್ಟರಲ್ಲಿ ಮುಗಿಯಿತು. ಬರೆದವರು ಸ್ಯಾಲಿ ವೈನ್‌ರೈಟ್, ಕ್ಯಾಥರೀನ್ ಆದವರು ಸಾರಾ ಲ್ಯಾಂಕಷೈರ್. ಎರಡನೇ ಸೀಸನ್ 2016ರಲ್ಲಿ, ಮೂರನೆಯದು 2023ರಲ್ಲಿ. ಯಾಕೆ ಅಷ್ಟು ತಡ ಅಂದರೆ, ಮೊಮ್ಮಗನ ಪಾತ್ರದ ಹುಡುಗ ನಿಜವಾಗಿಯೂ ದೊಡ್ಡವನಾಗಲಿ ಅಂತ ಕಾದರು. ಅದೇ ಹುಡುಗ. ಒಟ್ಟು 18 ಎಪಿಸೋಡ್, ಕಾಫಿತೋಟ ಅವರಿಗೂ ಬೇಜಾರಾಗುವುದಿಲ್ಲ.

ಕಾಫಿತೋಟ

18 ಆದರೆ ನೋಡಬಹುದು. ಪೆಟ್ರೋಲಿಂದ ಶುರು ಅಂದರೆ ಇಷ್ಟ ಆಯಿತು.

ಸಬ್‌ಟೈಟಲ್ ಸುಬ್ಬಿ

ನಿಧಾನದಲ್ಲೂ ಕೂರಿಸುವುದು ಅಂದರೆ ಡೆನ್ಮಾರ್ಕಿನ ಫೋರ್‌ಬ್ರೂಡೆಲ್ಸೆನ್ (2007). ಒಂದು ಹುಡುಗಿಯ ಕೊಲೆ, 20 ಎಪಿಸೋಡ್, 20 ದಿನ. ಎಲ್ಲರೂ ತನಿಖೆ ಮಾಡುವ ಪೊಲೀಸ್ ಸಾರಾ ಲುಂಡ್ ಹಾಕಿಕೊಳ್ಳುವ ಫೇರೋ ದ್ವೀಪದ ಸ್ವೆಟರ್ ಬಗ್ಗೆ ಮಾತಾಡಿದರು. ನನಗೆ ನೆನಪಿರುವುದು ಆ ಹುಡುಗಿಯ ಅಪ್ಪ ಅಮ್ಮ. ಬೇರೆ ಶೋಗಳಲ್ಲಿ ಅಪ್ಪ ಅಮ್ಮ ಒಮ್ಮೆ ಅತ್ತು ಮಾಯವಾಗುತ್ತಾರೆ. ಇಲ್ಲಿ ಅವರು ಅಂಗಡಿಗೆ ಹೋಗಬೇಕು, ಚಿಕ್ಕ ಮಕ್ಕಳಿಗೆ ಊಟ ಹಾಕಬೇಕು, ಲಾರಿ ಕಂಪನಿ ನಡೆಸಬೇಕು. ಕೊನೆಯವರೆಗೂ ಇರುತ್ತಾರೆ.

ತಿಪಟೂರು ತೆಂಗು

ಎಲ್ಲಾ ಸರಿ, ನಮ್ಮ ಕನ್ನಡದಲ್ಲಿ ಯಾಕೆ ಹೀಗೆ ಬರುವುದಿಲ್ಲ? ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ವಕೀಲ ಸಿಎಸ್‌ಪಿ ಕೋರ್ಟಿನಲ್ಲಿ ಎದ್ದು ನಿಂತರೆ ನಮ್ಮ ಬೀದಿಯೇ ಸ್ತಬ್ಧ. ಒಂದು ವಾದ ವಾರಗಟ್ಟಲೆ ನಡೆಯುತ್ತಿತ್ತು, ಯಾರೂ ನಿಧಾನ ಅನ್ನಲಿಲ್ಲ. ಅಂದರೆ ನಮಗೆ ತಾಳ್ಮೆ ಇತ್ತು.

ಬಂಟ್ವಾಳದವಳು

ತಾಳ್ಮೆ ಇದೆ. ಸ್ಟೇಷನ್ ಒಳಗೆ ನಡೆಯುವುದನ್ನು ಬರೆಯುವ ಎಡ್ ಬರ್ನ್ಸ್ ನಮ್ಮಲ್ಲಿ ಇಲ್ಲ. ರಿಟೈರ್ ಆದ ಒಬ್ಬ ರೈಟರ್‌ ಹೆಡ್‌ಕಾನ್‌ಸ್ಟೇಬಲ್‌ನನ್ನು ಕೂರಿಸಿಕೊಂಡರೆ ಐದು ಸೀಸನ್ ಆಗುತ್ತದೆ. ಎಫ್‌ಐಆರ್ ಬರೆಯುವಾಗ ಯಾವ ಮಾತು ಸೇರಿಸಿದರು, ಯಾವುದು ಬಿಟ್ಟರು, ಯಾವ ಸ್ಟೇಷನ್‌ಗೆ ಹೋಗಿ ಅಂತ ಕಳಿಸಿದರು ಅಷ್ಟನ್ನೇ ತೋರಿಸಿದರೂ ಸಾಕು.

ಹೊಸಬ

ವೈರ್ ಈಗ ಎಲ್ಲಿ ಸಿಗುತ್ತದೆ?

ಹಳೇ ಟೇಪು

ವೈರ್ ಅಮೆರಿಕದ ಎಚ್‌ಬಿಒ ಚಾನೆಲ್‌ನದು. ಎಚ್‌ಬಿಒ ಶೋಗಳು 2023ರಲ್ಲಿ ಹಾಟ್‌ಸ್ಟಾರ್ ಬಿಟ್ಟು ಜಿಯೋಸಿನಿಮಾಗೆ ಹೋದವು. 2025ರಲ್ಲಿ ಆ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಅಲ್ಲಿ ಹುಡುಕಿ. ಚಿತ್ರ ಪೂರ್ತಿ ಅಗಲ ಕಂಡರೆ ಅದು 2014ರಲ್ಲಿ ಎಚ್‌ಡಿಗೆ ತಂದದ್ದು. ಮೊದಲು ಹಳೇ ಟಿವಿಯ ಚೌಕದಲ್ಲೇ ತೆಗೆದಿದ್ದರು. ಸಬ್‌ಟೈಟಲ್ ಆನ್ ಮಾಡಿ, ಮರ್ಯಾದೆ ಪ್ರಶ್ನೆ ಇಲ್ಲ. ಮಕ್‌ನಲ್ಟಿ ಆದ ಡೊಮಿನಿಕ್ ವೆಸ್ಟ್, ಸ್ಟ್ರಿಂಗರ್ ಬೆಲ್ ಆದ ಇದ್ರಿಸ್ ಎಲ್ಬಾ ಇಬ್ಬರೂ ಇಂಗ್ಲೆಂಡಿನವರು, ಅವರೇ ಆ ಉಚ್ಚಾರಣೆ ಕಲಿತು ಮಾತಾಡಿದ್ದಾರೆ.

ರಾತ್ರಿಪಾಳಿ

ಮೊದಲ ಸೀಸನ್ ಮುಗಿಯಿತು. ಕೊನೆಯ ಎರಡು ಎಪಿಸೋಡ್ ಒಟ್ಟಿಗೇ ನೋಡಿ ಬೆಳಿಗ್ಗೆ ನಿದ್ದೆ ಇಲ್ಲದೆ ಆಫೀಸಿಗೆ ಹೋಗಿದ್ದೇನೆ. ಒಂದು ಹುಡುಗನ ವಿಷಯದಲ್ಲಿ ನಿಮ್ಮ ಮೇಲೆಲ್ಲ ಸಿಟ್ಟಿದೆ, ಯಾರು ಅಂತ ನೋಡಿದವರಿಗೆ ಗೊತ್ತು. ಡ್ರಗ್ಸ್ ಮಾರುವವರನ್ನೇ ದೋಚುವ ಒಮರ್ ಶಿಳ್ಳೆ ಹಾಕಿಕೊಂಡು ಬಂದರೆ ನಾನೂ ಕಿಟಕಿ ಹಾಕಿಕೊಳ್ಳುವ ಹಾಗೆ ಆಗಿದೆ. ಆ ಪಾತ್ರ ಮಾಡಿದ ಮೈಕೆಲ್ ಕೆ. ವಿಲಿಯಮ್ಸ್ 2021ರಲ್ಲೇ ತೀರಿಕೊಂಡರು ಅಂತ ಈಗ ಓದಿ ಬೇಜಾರಾಯಿತು.

ಎರಡನೇ ಸೀಸನ್ ಹಾಕಿದೆ. ಟೈಟಲ್ ಹಾಡು ಅದೇ, ಹಾಡುವವರು ಬೇರೆ. ಪಣಂಬೂರು ಹುಡುಗ, ಒಂದು ಡೌಟು. ಕಂಟೇನರ್ ಸೀಲ್ ಒಡೆದಿದೆ ಅಂತ ಅಷ್ಟು ದೊಡ್ಡದಾಗಿ ತೋರಿಸುತ್ತಾರಲ್ಲ, ಅದು ಯಾಕೆ ಮುಖ್ಯ?

ಪಣಂಬೂರು ಹುಡುಗ

ತುಂಬಿಸಿದ ಕಡೆ ಬಾಗಿಲಿಗೆ ನಂಬರ್ ಇರುವ ಸೀಲ್ ಹಾಕುತ್ತಾರೆ. ಆ ನಂಬರ್ ಕಾಗದದಲ್ಲೂ ಇರುತ್ತದೆ. ಇಳಿಸಿದ ಕಡೆ ಎರಡೂ ತಾಳೆ ಆಗಬೇಕು. ಸೀಲ್ ಒಡೆದಿದೆ ಅಂದರೆ ದಾರಿಯಲ್ಲಿ ಯಾರೋ ಬಾಗಿಲು ತೆಗೆದಿದ್ದಾರೆ. ಇನ್ನು ಮೇಲೆ ಅವರು ಕಂಪ್ಯೂಟರಿನಲ್ಲಿ ಕಂಟೇನರ್ ನಂಬರ್ ಹೊಡೆಯುವ ಸೀನ್ ಬಂದಾಗಲೆಲ್ಲ ಕಣ್ಣಿಟ್ಟು ನೋಡಿ. ಮೊದಲ ಸೀಸನ್‌ನ ಪೇಜರ್ ಕೆಲಸ ಇಲ್ಲಿ ಆ ಪರದೆ ಮಾಡುತ್ತದೆ. ಜಾಸ್ತಿ ಹೇಳುವುದಿಲ್ಲ.

ಕಾಫಿತೋಟ

ಹ್ಯಾಪಿ ವ್ಯಾಲಿ ಎರಡು ಎಪಿಸೋಡ್ ಆಯಿತು. ಲೀಡ್ಸ್ ಅವರೇ, ಆ ಅಕೌಂಟೆಂಟ್‌ಗೆ ಯಾರಾದರೂ ಎರಡು ಬಿಗಿಯುತ್ತಾರಾ ಇಲ್ಲವಾ, ಅದೊಂದು ಹೇಳಿಬಿಡಿ.

ಲೀಡ್ಸ್ ಕನ್ನಡಿಗ

ಸ್ಪಾಯ್ಲರ್ ಇಲ್ಲ. ನೋಡಿ.